ತುಳುಕಿದರೆ ಒರೆಸು

ಜೂನ್ 4, ಮಂಗಳವಾರ

ಇವತ್ತು ಮನೆಯಲ್ಲಿ ಲೋಟ ಹಿಡಿಸಿದೆ. ಗುಂಡಿ ತುಳುಕಿಸಿದಳು.

ಹಾಡಿನ ಟೀಚರ್ ಕೋಟಿಗೆಂದು ಕೊಟ್ಟಿದ್ದ ನೀಲಿ ಬಟ್ಟೆಯನ್ನು ಬೆಳಿಗ್ಗೆ ಹೊಲಿಯಲು ಬಿಚ್ಚಿದೆ. ಎದೆಯ ಭಾಗದಲ್ಲಿ, ತೋಳು ಕೂಡಿಸುವ ಸುತ್ತಿನ ಹತ್ತಿರ, ಬೆರಳುದ್ದದ ಕಚ್ಚು. ನಿನ್ನೆ ಕತ್ತರಿಸಿ ಮಡಿಸಿಟ್ಟವಳು ನಾನೇ. ಆಗ ಏನೂ ಇರಲಿಲ್ಲ. ಇದ್ದಿದ್ದರೆ ಕಾಣುತ್ತಿರಲಿಲ್ಲವೇ? ಸಂಜೆ ಅಂಗಡಿ ಕೋಣೆಯಲ್ಲಿ ಚೂರುಬಟ್ಟೆ ಕತ್ತರಿಸುತ್ತ ಕೂತಿದ್ದವಳು ಗುಂಡಿ. ಟೇಪು ಹುಡುಕುತ್ತ ಒಳಗೆ ಬಂದು ಹೋದವನು ಅವಳ ಅಣ್ಣ ಕಾಜಾ. ಮಕ್ಕಳಿಗೆ ಒಳ್ಳೆಯ ಹೆಸರು ಇಟ್ಟಿದ್ದೇವೆ, ಆದರೆ ಇವರ ಬಾಯಲ್ಲಿ ದರ್ಜಿಯ ಮಕ್ಕಳು ಗುಂಡಿ ಮತ್ತು ಕಾಜಾ ಆಗಿಯೇ ಉಳಿದರು. ಬಸ್ ಓಡಿಸುವ ಗಂಡನಿಗೆ ಹೆಂಡತಿಯ ಕಸುಬಿನ ಮೇಲೆ ಇಷ್ಟಾದರೂ ಅಭಿಮಾನ ಇರಲಿ.

ಲೋಟ ಹಿಡಿಸುವುದು ನನ್ನಪ್ಪನ ಕಾಲದ್ದು. ಕಂಚಿನ ಲೋಟಕ್ಕೆ ಅಂಚಿನವರೆಗೂ ನೀರು ತುಂಬಬೇಕು. ಅದನ್ನು ಕೈಚಾಚಿ ಹಿಡಿದು, ಕೇಳಿದ್ದಕ್ಕೆ ಉತ್ತರ ಹೇಳಬೇಕು. "ತುಂಬಿದ ಕೊಡ ತುಳುಕೋದಿಲ್ಲ, ನಿಜ ಹೇಳೋ ಕೈ ಅಲುಗೋದಿಲ್ಲ" ಅನ್ನುತ್ತಿದ್ದ ಅಪ್ಪ. ತುಳುಕದಿದ್ದರೆ ಕುಡಿ, ತುಳುಕಿದರೆ ಒರೆಸು. ಅಲ್ಲಿಗೆ ತೀರ್ಪು. ವಕೀಲರಿಲ್ಲ, ವಾಯಿದೆ ಇಲ್ಲ.

ಕಾಜಾ ಹಿಡಿದ, ಇಲ್ಲ ಅಂದ, ಗಟಗಟ ಕುಡಿದು ತೇಗಿದ. ಗುಂಡಿ ಹಿಡಿದಾಗ ನಾನು ಬಾಯಿ ತೆರೆಯುವ ಮೊದಲೇ ನೀರು ಅಂಚಿನಲ್ಲಿ ಕುಣಿಯಲು ಶುರುಮಾಡಿತ್ತು.

"ನೀನೇ ತಾನೆ ಕತ್ತರಿಸಿದ್ದು?"

"ಅಲ್ಲಮ್ಮ."

"ಕೈ ನೋಡು."

"ಕೈ ಯಾವಾಗ್ಲೂ ಹಂಗೇ ಅಲ್ವಾ!"

"ಯಾವಾಗ್ಲೂ ಸುಳ್ಳು ಹೇಳಿದ್ರೆ ಯಾವಾಗ್ಲೂ ಹಂಗೇ."

ಕಾಜಾ ನಕ್ಕ. ಅವಳು ಮಂಡಿಯೂರಿ ಒರೆಸಿದಳು, ಮೂಲೆಯನ್ನೂ ಬಿಡದೆ. ಕಳ್ಳಿ ಸಿಕ್ಕಿಬಿದ್ದಳು, ಇನ್ನು ನನಗೆ ನೆಮ್ಮದಿ ಇರಬೇಕಿತ್ತು. ಇಲ್ಲ. ಯಾರಿಗಾದರೂ ಹೇಳಬೇಕು, ಆದರೆ ಯಾರಿಗೂ ಹೇಳಬಾರದು. ಬಸ್ ಕಂಪನಿಯವರು ಕೊಟ್ಟ ಡೈರಿ ಹೊಸ ವರ್ಷದಿಂದ ಖಾಲಿ ಬಿದ್ದಿತ್ತು, ಇದೇ ವಾಸಿ ಅಂದುಕೊಂಡೆ. ಪೆನ್ನು ಮಾತ್ರ ಸರಿಯಿಲ್ಲ. ಅಕ್ಷರ ಕೋಳಿ ಕೆದರಿದ ಹಾಗೆ ಬೀಳುತ್ತಿದೆ.

ಜೂನ್ 5, ಬುಧವಾರ

ಹಾಡಿನ ಟೀಚರ್ ಬಂದರು. ರಿಟೈರ್ ಆಗಿದ್ದಾರೆ, ಆದರೂ ಹೊಸ್ತಿಲು ದಾಟುವಾಗ ಗಂಟಲು ಸರಿಮಾಡಿಕೊಳ್ಳುತ್ತಾರೆ, ಇನ್ನೇನು ಶ್ರುತಿ ಹಿಡಿಯಬೇಕು ಅನ್ನುವ ಹಾಗೆ. ಕಚ್ಚು ತೋರಿಸಿದೆ. ಅದರ ಮೇಲೆ ಬೆರಳಿಟ್ಟರು, ಗಾಯದ ಮೇಲೆ ಇಡುವ ಹಾಗೆ.

"ನಮ್ಮಕ್ಕ ಇದನ್ನ ಹೊಲಿಸ್ತೀನಿ ಹೊಲಿಸ್ತೀನಿ ಅಂತ ಇಟ್ಕೊಂಡೇ ಹೋಗಿಬಿಟ್ಳು" ಅಂದರು. "ನಾನಾದ್ರೂ ಹಾಕ್ಕೊಳ್ಳೋಣ ಅಂತಿದ್ದೆ."

"ನನ್ನ ಮಗಳು ಕತ್ತರಿ ಆಡಿಬಿಟ್ಟಿದ್ದಾಳೆ ಟೀಚರ್" ಅಂದೆ. ಗುಂಡಿಯನ್ನು ಕರೆದೆ. "ಕ್ಷಮೆ ಕೇಳು."

ಅವಳು ನನ್ನನ್ನು ನೋಡಿದಳು. ನಾನು ಟೇಪು ಸುತ್ತುತ್ತಿದ್ದೆ.

"ಸಾರಿ ಟೀಚರ್" ಅಂದಳು.

"ಮಗು ತಾನೆ, ಹೋಗ್ಲಿ ಬಿಡಿ" ಅಂದರು ಟೀಚರ್. ಬಟ್ಟೆ ಒಯ್ಯಲಿಲ್ಲ. "ಏನಾದ್ರೂ ಮಾಡೋಕಾದ್ರೆ ನೋಡಿ" ಅಂದು ಹೋದರು.

ಗುಂಡಿಗೆ ಅಂಗಡಿ ಕೋಣೆ ಬಂದ್ ಮಾಡಿದ್ದೇನೆ. ಬೀಗದ ಕೈ ನನ್ನ ಸೊಂಟದಲ್ಲಿದೆ. ಇಲ್ಲದಿದ್ದರೆ ಬುದ್ಧಿ ಬರುವುದು ಹೇಗೆ?

ಜೂನ್ 9, ಭಾನುವಾರ

ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತಿದ್ದೆವು. ಗುಂಡಿ ಸೂಪಿನ ಬಟ್ಟಲನ್ನು ದೂರ ಸರಿಸಿ ಬರೀ ಬ್ರೆಡ್ಡು ತಿಂದಳು. ನೀರನ್ನು ಲೋಟದಲ್ಲಿ ಕುಡಿಯುವುದಿಲ್ಲ, ನಲ್ಲಿಗೆ ಬಾಯಿಡುತ್ತಾಳೆ.

"ಏನಮ್ಮಾ, ಹಸು ಆದ್ಯಾ?" ಅಂದರು ಇವರು.

"ಹಸುಗೆ ಯಾರೂ ಲೋಟ ಹಿಡಿಸಲ್ಲಪ್ಪ."

ಇವರು ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಗುಂಡಿಯೇ ಮಾತು ತೆಗೆದಳು. ರಜೆಗೆ ಮಾವನ ಮನೆಗೆ, ನನ್ನ ತಮ್ಮನ ಊರಿಗೆ, ಹೋಗುತ್ತಾಳಂತೆ. ಹಿಡಿಸಿದರೆ ಅಲ್ಲೇ ಸ್ಕೂಲಂತೆ. ಮುಂದಿನ ತಿಂಗಳು ಹದಿನೈದರೊಳಗೆ ಹೆಸರು ಬರೆಸಬೇಕು ಅನ್ನುವುದನ್ನೂ ವಿಚಾರಿಸಿಕೊಂಡಿದ್ದಾಳೆ.

"ಹೋಗು" ಅಂದೆ. ಬೇಡ ಅನ್ನಲು ಬಾಯಿ ತೆರೆದವಳು ಹೋಗು ಅಂದೆ. ಬಾಯಿಗೂ ಬ್ರೇಕು ಇರಬೇಕಿತ್ತು ಅನ್ನುತ್ತಾರೆ ಇವರು, ಅದು ಇಂಥದ್ದಕ್ಕೇ.

ಜೂನ್ 12, ಬುಧವಾರ

ಸೂಜಿಗೆ ದಾರ ಏರಿಸಲು ಇಡೀ ಬೆಳಿಗ್ಗೆ ಹೋಯಿತು. ಕನ್ನಡಕ ಬದಲಾಯಿಸಬೇಕು. ಈ ಸಲದ ಸೀಮೆಸುಣ್ಣವೂ ಸರಿಯಿಲ್ಲ, ಗೆರೆ ಸೊಟ್ಟಗೆ ಎಳೆಯುತ್ತದೆ. ಮೊದಲೆಲ್ಲ ದಾರ ಏರಿಸಿಕೊಡುತ್ತಿದ್ದವಳು ಗುಂಡಿ. ಅವಳಿಗೂ ಸುಲಭವಿರಲಿಲ್ಲ. ಮೊಣಕೈ ಎರಡನ್ನೂ ಮೇಜಿಗೆ ಊರಿ, ಉಸಿರು ಬಿಗಿಹಿಡಿದು, ನಾಲಿಗೆ ಕಚ್ಚಿಕೊಂಡು ಏರಿಸುತ್ತಿದ್ದಳು. ನಾನು ನೋಡಿ ನಗುತ್ತಿದ್ದೆ.

ಜೂನ್ 16, ಭಾನುವಾರ

ಇವರ ಬಸ್ಸಿನಲ್ಲೇ ಗುಂಡಿಯನ್ನು ಕಳಿಸಿದೆ. ಕಿಟಕಿ ಪಕ್ಕ ಕೂತಳು, ಕೈ ಬೀಸಲಿಲ್ಲ. ಬೀಸಿದರೆ ನಡುಗುವುದು ಕಾಣುತ್ತದೆ ಅಂತಲೋ, ಬೀಸಲು ಮನಸ್ಸಿಲ್ಲ ಅಂತಲೋ, ಗೊತ್ತಿಲ್ಲ.

ಜೂನ್ 20, ಗುರುವಾರ

ತಮ್ಮ ಫೋನ್ ಮಾಡಿದ್ದ. ಅವನು ಅವರ ಊರಿನ ಈಜುಕೊಳದಲ್ಲಿ ಈಜು ಕಲಿಸುತ್ತಾನೆ. ಚಿಕ್ಕಂದಿನಲ್ಲಿ ಅಪ್ಪನ ಲೋಟದ ಮುಂದೆ ಒಂದು ಸಲವೂ ಗೆದ್ದವನಲ್ಲ. ನಮ್ಮ ಮನೆಯ ನೆಲ ಅಷ್ಟು ಫಳಫಳ ಅಂತಿದ್ದದ್ದು ಅವನಿಂದಲೇ ಅಂತ ಅಮ್ಮ ತಮಾಷೆ ಮಾಡುತ್ತಿದ್ದಳು.

"ಅಕ್ಕಾ, ಗುಂಡಿ ಕೈ ನೋಡಿದ್ದೀಯಾ?"

"ದಿನಾ ನೋಡಿದ್ದೀನಿ."

"ನೋಡಿಲ್ಲ ನೀನು. ಚಮಚ ಬಾಯಿ ಹತ್ರ ಬರ್ತಿದ್ದ ಹಾಗೇ ಕುಣಿಯುತ್ತೆ. ಕೈಗೆ ಬಂದಿದ್ದು ಬಾಯಿಗೆ ಬರಲ್ಲ ಅಂತಾರಲ್ಲ, ಅದನ್ನ ಕಣ್ಣಾರೆ ನೋಡ್ದೆ. ಅದು ನನ್ನ ಕೈ, ಅಕ್ಕ. ಥೇಟ್ ನನ್ನದೇ."

ಅವನು ಎರಡು ವರ್ಷದ ಹಿಂದೆಯೇ ನರದ ಡಾಕ್ಟರಿಗೆ ತೋರಿಸಿದ್ದಾನಂತೆ. ಕೆಲಸ ಮಾಡಲು ಹೋದಾಗ ಮಾತ್ರ ಕೈ ನಡುಗುವ ಖಾಯಿಲೆಯಂತೆ. ಮನೆತನದಲ್ಲೇ ಹರಿದು ಬರುತ್ತದಂತೆ. ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ.

"ನನಗ್ಯಾಕೆ ಹೇಳ್ಲಿಲ್ಲ?" ಅಂದೆ.

"ಲೋಟ ಹಿಡಿಸೋರ ಹತ್ರ ಏನಂತ ಹೇಳ್ಲಿ?"

ನನಗೆ ಸಿಟ್ಟು ಬಂತು. ನನ್ನ ಮಗಳಿಗೆ ಖಾಯಿಲೆ ಅಂಟಿಸುತ್ತೀಯಾ ಅಂದೆ. ಅಂಟಿಸೋದಲ್ಲ ಅಕ್ಕ, ಬಳುವಳಿ ಅಂದ. ಫೋನ್ ಇಟ್ಟ ಮೇಲೆ ಟೀ ಕುಡಿಯಲು ಕೂತೆ. ಬಸಿಯಲ್ಲಿ ಕಪ್ಪು ಗಿಲಗಿಲ ಅಂದಿತು. ಸಿಟ್ಟಿಗೆ.

ಜೂನ್ 25, ಮಂಗಳವಾರ

ಎಲ್ಲಿಂದ ಶುರು ಮಾಡಲಿ?

ತಮ್ಮ ಗುಂಡಿಯನ್ನು ನೇರ ಆಸ್ಪತ್ರೆಗೇ ಕರೆತಂದ. ನಾನು ಇಲ್ಲಿಂದ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮೇಜಿನ ಮೇಲೆ ಅರ್ಧ ತಿಂದ ಸೇಬು. ಗುಂಡಿಗೆ ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂರಲು ಹೇಳಿದರು. ಕೈ ಕಲ್ಲಿನ ಹಾಗೆ ಇತ್ತು. ರೆಕ್ಕೆಯ ಹಾಗೆ ಚಾಚಲು ಹೇಳಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಾದವು. ಮೂಗು ಮುಟ್ಟು, ನನ್ನ ಬೆರಳು ಮುಟ್ಟು ಅಂದರು. ಗುರಿ ಹತ್ತಿರ ಬಂದಷ್ಟೂ ನಡುಕ ಹೆಚ್ಚಿತು. ಹಾಳೆ ಕೊಟ್ಟು ಒಳಗಿನಿಂದ ಹೊರಗೆ ಸುರುಳಿ ಬರೆಯಲು ಹೇಳಿದರು.

ಆಮೇಲೆ ಎರಡು ಲೋಟ ತಂದಿಟ್ಟರು. ಒಂದರಲ್ಲಿ ನೀರು.

"ಇದರಿಂದ ಇದಕ್ಕೆ ಸುರಿ, ಪುಟ್ಟಾ."

ಗುಂಡಿ ಬಾಗಿಲ ಕಡೆ ನೋಡಿದಳು. ಮಾವನನ್ನು ನೋಡಿದಳು. ನನ್ನನ್ನು ಮಾತ್ರ ನೋಡಲಿಲ್ಲ. ಲೋಟ ಎತ್ತಿದಳು, ನೀರು ಮೇಜಿನ ಮೇಲೆಲ್ಲ ಚೆಲ್ಲಿತು.

"ನಾನೇನೂ ಮಾಡಿಲ್ಲ" ಅಂದಳು.

"ಯಾರು ಏನು ಅಂದ್ರು?" ಡಾಕ್ಟರು ನಕ್ಕರು. ಅವಳು ಆಗಲೇ ಕುತ್ತಿಗೆಯ ಬಟ್ಟೆ ತೆಗೆದು ಮೇಜು ಒರೆಸುತ್ತಿದ್ದಳು. ನಗು ನಿಲ್ಲಿಸಿ ಡಾಕ್ಟರು ನನ್ನ ಮುಖ ನೋಡಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಸೊಂಟದ ಬೀಗದ ಕೈ ಮುಟ್ಟಿಕೊಂಡೆ.

ಖಾಯಿಲೆಯ ಹೆಸರು ಎಸೆನ್ಷಿಯಲ್ ಟ್ರೆಮರ್. "ಎಸೆನ್ಷಿಯಲ್ ಅಂದ್ರೆ ಅಗತ್ಯ ಅಂತಲ್ವಾ? ಈ ನಡುಕ ಯಾರಿಗೆ ಅಗತ್ಯ?" ಅಂದಳು ಗುಂಡಿ. ಬೇರೆ ಕಾರಣವಿಲ್ಲದೆ ತಾನಾಗೇ ಬರುವುದು ಅಂತ ಅರ್ಥವಂತೆ. ಥೈರಾಯ್ಡಿಗೆ ರಕ್ತ ಪರೀಕ್ಷೆ ಬರೆದರು, ಅದಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ವಯಸ್ಸಾದವರ ಕೈ ಸುಮ್ಮನಿದ್ದಾಗಲೂ ನಡುಗುತ್ತದಲ್ಲ, ಆ ಖಾಯಿಲೆಯೇ ಬೇರೆ, ಇದು ಬೇರೆ ಅಂದರು. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಬರುವ ಸಾಧ್ಯತೆ ಇದೆಯಂತೆ.

"ಹೆದರಿದ್ರೆ, ಎಲ್ಲರೂ ನೋಡ್ತಿದ್ದಾರೆ ಅನ್ನಿಸಿದ್ರೆ, ಹೆಚ್ಚಾಗುತ್ತೆ" ಅಂದರು. ಅಂದರೆ ಲೋಟ ಕೊಟ್ಟು ಎದುರು ನಿಂತು ಕಣ್ಣು ಬಿಟ್ಟರೆ.

"ಮಾವನಿಗಿದೆ, ಸರಿ. ಆದ್ರೆ ಇವಳಿಗೆ ಬಂದಿದ್ದು ಯಾರಿಂದ? ಈಗ ನೀವು ಬರೀರಿ" ಅಂತ ಡಾಕ್ಟರು ನನ್ನ ಮುಂದೆ ಹಾಳೆ ಇಟ್ಟರು.

"ನನಗೇನೂ ಇಲ್ಲ. ನಾನು ದರ್ಜಿ" ಅಂದೆ.

ಬರೆದೆ. ಗುಂಡಿಯ ಸುರುಳಿ ನೀರಿನ ಅಲೆಯ ಹಾಗಿತ್ತು. ನನ್ನದು ಗರಗಸದ ಹಲ್ಲು. ಪೆನ್ನು ಅಂದೆ. ಬೇರೆ ಪೆನ್ನು ಕೊಟ್ಟರು. ಅದೇ ಹಲ್ಲು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವುದನ್ನು ಹೊಗಳಿಕೆಗೆ ಹೇಳುತ್ತಾರೆ ಅಂದುಕೊಂಡಿದ್ದೆ.

ಹೊರಗೆ ಬೆಂಚಿನ ಮೇಲೆ ಕೂತಾಗ ತಮ್ಮ ಕೇಳಿದ: "ಅಪ್ಪ ಯಾವತ್ತಾದ್ರೂ ಆ ಲೋಟ ಹಿಡಿದಿದ್ದು ನೋಡಿದ್ದೀಯಾ?"

ಯೋಚಿಸಿದೆ. ನೀರು ತುಂಬುತ್ತಿದ್ದವಳು ಅಮ್ಮ. ಅಂಗಡಿಯಲ್ಲಿ ಅಳತೆ ತೆಗೆದು ಹೇಳುವುದು ಅಪ್ಪ, ಕತ್ತರಿ ಹಿಡಿಯುವುದು ಅಮ್ಮ. ಯಜಮಾನ ಅಂದರೆ ಹಾಗೇ ಅಂದುಕೊಂಡಿದ್ದೆವು.

"ತುಂಬಿದ ಕೊಡ ತುಳುಕೋದಿಲ್ಲ ಅಂತ ಗಾದೆ ಕಟ್ಟಿದೋನು ನಮ್ಮನೆ ಕಡೆ ಬಂದೇ ಇಲ್ಲ ಬಿಡು" ಅಂದ ತಮ್ಮ. "ಅದಕ್ಕೇ ನಾನು ನೀರಿಗೇ ಇಳಿದುಬಿಟ್ಟೆ. ಕೊಳದೊಳಗೆ ಯಾರ ಕೈ ನಡುಗ್ತಿದೆ ಅಂತ ಯಾರಿಗೆ ಗೊತ್ತಾಗುತ್ತೆ?"

ಗುಂಡಿ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತು. ನಕ್ಕು, ಮಾವನ ಜೊತೆ ಅವನ ಊರಿನ ಬಸ್ಸು ಹತ್ತಿದಳು.

ಜೂನ್ 26, ಬುಧವಾರ

ಅಂಗಡಿ ತೆರೆಯಲಿಲ್ಲ.

ಜೂನ್ 29, ಶನಿವಾರ

ನನಗೆ ಬೆಳಿಗ್ಗೆಗೊಂದು ಸಣ್ಣ ಮಾತ್ರೆ. ಕೊಡುವ ಮೊದಲು ದಮ್ಮು ಇದೆಯಾ ಅಂತ ಎರಡೆರಡು ಸಲ ಕೇಳಿದ್ದರು, ನಾಡಿ ಹಿಡಿದು ನೋಡಿದ್ದರು. ಪೂರ್ತಿ ಹೋಗುವುದಿಲ್ಲ, ಹತೋಟಿಗೆ ಬರಬಹುದು ಅಂದಿದ್ದಾರೆ. ಗುಂಡಿಗೆ ಸದ್ಯಕ್ಕೆ ಮಾತ್ರೆ ಬೇಡ, ದಪ್ಪ ಪೆನ್ನು, ಮೊಣಕೈಗೆ ಆಸರೆ, ಅರ್ಧ ತುಂಬಿದ ಲೋಟ. ಸ್ಕೂಲಿನಲ್ಲಿ ಬರೆಯಲು ಹೆಚ್ಚು ಹೊತ್ತು ಕೊಡಲು ಚೀಟಿ. ಇಬ್ಬರಿಗೂ ಟೀ ಕಡಿಮೆ. ನಿದ್ದೆ ಜಾಸ್ತಿ.

ನಿದ್ದೆಯನ್ನು ಯಾವ ಅಂಗಡಿಯಲ್ಲಿ ಕೊಡುತ್ತಾರೆ?

ಇವರು ಸಮಾಧಾನ ಹೇಳಿದರು. "ಖಾಯಿಲೆ ಕಣೇ. ಗೊತ್ತಿಲ್ದೆ ಬೈದೆ. ಅವಳೂ ಬೇಕಂತ ಕತ್ತರಿಸಿಲ್ಲ, ಕೈ ನಡುಗಿ ಕತ್ತರಿಸಿರ್ತಾಳೆ. ಯಾರದೂ ತಪ್ಪಿಲ್ಲ, ಬಿಟ್ಟಾಕು."

ಯಾರದೂ ತಪ್ಪಿಲ್ಲ. ಎಷ್ಟು ಚೆನ್ನಾದ ಮಾತು. ಅದನ್ನೇ ಹೊದ್ದು ಮಲಗಿದೆ, ಆದರೆ ಕಾಲು ಮುಚ್ಚಿದರೆ ತಲೆಗೆ ಸಾಲದು, ತಲೆಗೆಳೆದರೆ ಕಾಲಿಗಿಲ್ಲ.

ಜುಲೈ 2, ಮಂಗಳವಾರ

ನೀಲಿ ಕೋಟಿನ ಲೈನಿಂಗ್ ಕತ್ತರಿಸುತ್ತಿದ್ದೆ. ಅದೇ ಅಳತೆ, ಅದೇ ಗೆರೆ. ತೋಳಿನ ಸುತ್ತಿನಲ್ಲಿ ಮಣಿಕಟ್ಟು ತಿರುಗಿಸುವ ಜಾಗ ಬಂತು. ಕತ್ತರಿ ಮೀನಿನ ಹಾಗೆ ಒಂದು ಸಲ ನೆಗೆದು ಬಟ್ಟೆಯೊಳಗೆ ನುಗ್ಗಿತು. ಕಣ್ಣೆದುರೇ.

ಬೀರು ತೆರೆದೆ. ಲೈನಿಂಗನ್ನು ನೀಲಿ ಬಟ್ಟೆಯ ಮೇಲೆ ಹಾಸಿದೆ. ಕಚ್ಚಿನ ಮೇಲೆ ಕಚ್ಚು ಕೂತಿತು, ಗುಂಡಿಗೆ ಕಾಜಾ ಕೂತ ಹಾಗೆ.

ನೆನಪು ಬರುತ್ತಿದೆ. ಆ ಸೋಮವಾರ ಇದೇ ಜಾಗದಲ್ಲಿ ಕತ್ತರಿ ಏನೋ ತೊಡರಿದ ಹಾಗೆ ಅನ್ನಿಸಿತ್ತು. ಎಳೆ ಸಿಕ್ಕಿರಬೇಕು ಅಂದುಕೊಂಡು ಮುಂದೆ ಹೋಗಿದ್ದೆ. ಕತ್ತರಿಸಿದ ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿಯದೆ ನಾನು ಮಡಿಸುವವಳೇ ಅಲ್ಲ. ಅವತ್ತು ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ? ಗೊತ್ತಿತ್ತೇ? ಅರ್ಧ ಗೊತ್ತಿತ್ತೇ? ಮರುದಿನ ಕಚ್ಚು ಕಂಡಾಗ ನನ್ನ ಬಾಯಿಂದ ಬಂದ ಮೊದಲ ಮಾತು "ಯಾರು ಮಾಡಿದ್ದು" ಅಂತ. ಏನಾಯಿತು ಅಂತ ಅಲ್ಲ. ಯಾರು ಅಂತ.

ನಾನೂ ಮನೆಯಲ್ಲೇ ಇದ್ದೆ. ನನ್ನ ಕೈಗೆ ಯಾರೂ ಲೋಟ ಕೊಡಲಿಲ್ಲ.

ಜುಲೈ 4, ಗುರುವಾರ

ಹೇಳಲಿಲ್ಲ. ಯಾರದೂ ತಪ್ಪಿಲ್ಲ ಅಂತ ಎಲ್ಲರೂ ಒಪ್ಪಿಕೊಂಡಾಗಿದೆ. ಈಗ ಕೆದಕಿದರೆ ದರ್ಜಿಯ ಕೈ ನಡುಗುತ್ತದೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಬಟ್ಟೆ ಕೊಡುವವರು ಯಾರು? ಕಾಜಾನ ಕಾಲೇಜು ಮುಗಿಯಲಿ. ಗುಂಡಿ ದೊಡ್ಡವಳಾಗಲಿ, ಆಗ ಕೂರಿಸಿಕೊಂಡು ಹೇಳುತ್ತೇನೆ, ನಗುತ್ತಾಳೆ.

ಲೈನಿಂಗನ್ನು ಚೂರುಬಟ್ಟೆಯ ಚೀಲದ ತಳಕ್ಕೆ ತುರುಕಿದ್ದೇನೆ.

ಜುಲೈ 6, ಶನಿವಾರ

ಬೆಳಿಗ್ಗೆ ಗುಂಡಿ ಫೋನ್ ಮಾಡಿದಳು. ತಾನಾಗಿಯೇ. ಸ್ಕೂಲಿನ ಅರ್ಜಿಗೆ ನನ್ನ ಸಹಿ ಬೇಕಂತೆ.

"ಅಮ್ಮ, ಒಂದು ಮಾತು. ನಾನು ಆವತ್ತು ಇಲ್ಲ ಇಲ್ಲ ಅಂದ್ನಲ್ಲ. ಈಗ ಅನ್ನಿಸ್ತಿದೆ, ನಾನೇ ಕತ್ತರಿಸಿರ್ಬೇಕು. ಕೈ ತಾನಾಗೇ ಹೋಗಿರುತ್ತೆ, ನನಗೆ ಗೊತ್ತಾಗಿಲ್ಲ. ಇಂಥ ಕೈ ಇಟ್ಕೊಂಡು ನಾನು ಅಂಗಡಿಗೆ ಬರ್ಬಾರ್ದಿತ್ತು. ನೀನು ಬೀಗ ಹಾಕಿದ್ದು ಸರಿ."

ನಾನು ಏನೋ ಅಂದೆ. ಊಟ ಮಾಡಿದ್ಯಾ ಅಂದೆನೋ ಏನೋ. ಬೆಳಿಗ್ಗೆ ಎಂಟು ಗಂಟೆಗೆ.

ಫೋನ್ ಇಟ್ಟು, ಲೈನಿಂಗನ್ನೂ ನೀಲಿ ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡು ಹಾಡಿನ ಟೀಚರ್ ಮನೆಗೆ ನಡೆದೆ. ಮೊದಲು ಮಗಳ ಹತ್ತಿರ ಹೋಗಬೇಕಿತ್ತು. ಆದರೆ ಧೈರ್ಯವನ್ನು ಸಣ್ಣ ಹೊಲಿಗೆಯಲ್ಲಿ ಹಾಕಿ ನೋಡಿಕೊಂಡೆ.

ಎರಡನ್ನೂ ಅವರ ಮೇಜಿನ ಮೇಲೆ ಹಾಸಿ ತೋರಿಸಿದೆ. ನನ್ನ ಕತ್ತರಿ, ನನ್ನ ಕೈ, ನನ್ನ ಖಾಯಿಲೆ, ಎಲ್ಲ ಹೇಳಿದೆ. ಕಚ್ಚಿನ ಮೇಲೇ ಹಾಯುವ ಹಾಗೆ ಹೆಗಲಿನಿಂದ ಕೆಳತನಕ ಒಂದು ಹೊಲಿಗೆ ಇಳಿಸಿದರೆ, ಆ ಕಡೆಯೂ ಅದೇ ರೀತಿ ಇಳಿಸಿದರೆ, ಅದೇ ಒಂದು ಮಾದರಿ ಆಗುತ್ತದೆ, ಕಚ್ಚು ಇತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ ಅಂದೆ.

ಟೀಚರ್ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡರು.

"ಬಟ್ಟೆ ಹೊಲೀತೀರಿ, ಸರಿ. ಮಗು ಕೈಲಿ ನನ್ನೆದುರು ಕ್ಷಮೆ ಕೇಳಿಸಿದ್ರಲ್ಲ, ಅದನ್ನ ಹೇಗೆ ಹೊಲೀತೀರಿ?"

ಜುಲೈ 7, ಭಾನುವಾರ

ಕಂಚಿನ ಲೋಟವನ್ನು ಟವೆಲಿನಲ್ಲಿ ಸುತ್ತಿಕೊಂಡು ಇವರ ಬಸ್ಸು ಹತ್ತಿದೆ. ದಾರಿಯಲ್ಲಿ ಇವರಿಗೆ ಹೇಳಿದೆ. ಇವರು ರಸ್ತೆಯಿಂದ ಕಣ್ಣು ತೆಗೆಯದೆ, "ನಾನು ಆವತ್ತು ಊಟಕ್ಕೆ ಕೂತಾಗ ನಗೋಕೆ ಹೋಗಿ ಸುಮ್ಮನಾದೆ. ನನ್ನದೂ ಇದೆ ಬಿಡು" ಅಂದರು. ಆಮೇಲೆ ಹಾರನ್ ಒತ್ತಿದರು, ಎದುರಿಗೆ ಯಾರೂ ಇರಲಿಲ್ಲ.

ತಮ್ಮನ ಮನೆ ಕೊಳದ ಹಿಂದೆಯೇ ಇದೆ. ಒಳಗೆಲ್ಲ ಕ್ಲೋರಿನ್ ವಾಸನೆ, ತಂತಿಯ ಮೇಲೆ ಸಾಲು ಟವೆಲು. ಗುಂಡಿ ಮೆಟ್ಟಿಲ ಮೇಲೆ ಕೂತು ಈಜುವ ಕನ್ನಡಕ ಒರೆಸುತ್ತಿದ್ದಳು. ನನ್ನ ಕೈಯಲ್ಲಿ ಲೋಟ ಕಂಡು ಎದ್ದು ನಿಂತಳು.

"ಇಲ್ಲಿಗೂ ತಂದ್ಯಾ?"

"ನಿನಗಲ್ಲ, ನನಗೆ. ನಾನು ಹಿಡೀತೀನಿ, ನೀನು ಕೇಳು."

"ಅಕ್ಕಾ, ನಾಟಕ ಬೇಡ" ಅಂದ ತಮ್ಮ.

ನಾನು ಕೇಳಲಿಲ್ಲ. ಅಂಚಿನವರೆಗೂ ತುಂಬಿ ಕೈಚಾಚಿದೆ. ಅಪ್ಪನ ಮನೆಯಲ್ಲಿ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುತ್ತಿದ್ದೆ. ಅದಕ್ಕೇ ಗೆಲ್ಲುತ್ತಿದ್ದೆನೇನೋ. ಇವತ್ತು ಒತ್ತಲಿಲ್ಲ. ನೀರು ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ನೆಲಕ್ಕೆ ಹರಿಯಿತು. ನಾನು ಕಾಯುತ್ತ ನಿಂತೆ. ಲೋಟ ತುಳುಕಿತಲ್ಲ, ಅರ್ಥವಾಯಿತು ತಾನೆ, ಇನ್ನು ನಾನು ಹೇಳುವುದೇನಿದೆ ಅನ್ನುವ ಹಾಗೆ.

ಗುಂಡಿ ನೀರನ್ನು ನೋಡಿದಳು, ನನ್ನನ್ನು ನೋಡಿದಳು.

"ಏನಮ್ಮ ಇದು? ಡಾಕ್ಟರ್ ಹೇಳಿದ್ರಲ್ಲ, ತುಳುಕಿದ್ರೆ ಕೈ ನಡುಗ್ತಿದೆ ಅಂತ ಅಷ್ಟೇ. ಲೋಟಕ್ಕೆ ಏನೂ ಗೊತ್ತಿಲ್ಲ. ಹೇಳೋದೇನಾದ್ರೂ ಇದ್ರೆ ಅದನ್ನ ಕೆಳಗಿಟ್ಟು ಬಾಯಲ್ಲಿ ಹೇಳು."

ಕೆಳಗಿಟ್ಟೆ.

"ನೀಲಿ ಬಟ್ಟೆ ಕತ್ತರಿಸಿದ್ದು ನಾನು. ನನ್ನ ಕೈ ನೆಗೆದು ಆಗಿದ್ದು. ನೀನು ಮುಟ್ಟೇ ಇರ್ಲಿಲ್ಲ."

"ಯಾವಾಗ ಗೊತ್ತಾಯ್ತು?"

"ಮಂಗಳವಾರ."

"ನಿನ್ನೆ ಫೋನಲ್ಲಿ ನಾನು ಅಷ್ಟೆಲ್ಲ ಹೇಳ್ದಾಗ?"

"ಗೊತ್ತಿತ್ತು."

ಅವಳು ಒಳಗೆ ಹೋದಳು. ತಮ್ಮ ಕೊಳದ ಕಡೆ ನೋಡುತ್ತ ನಿಂತಿದ್ದ. ಗುಂಡಿ ಹೊರಗೆ ಬಂದು ನೆಲ ಒರೆಸುವ ಬಟ್ಟೆಯನ್ನು ನನ್ನ ಕಾಲ ಬಳಿ ಹಾಕಿದಳು.

"ಒರೆಸು."

ಮಂಡಿಯೂರಿ ಒರೆಸಿದೆ. ಲೋಟದ ತಳದಲ್ಲಿ ಇನ್ನೂ ನೀರಿತ್ತು. "ಇದು ನಿನ್ನದು. ಕುಡಿ" ಅಂದೆ.

"ನನಗೆ ಬಾಯಾರಿಲ್ಲ."

ತಮ್ಮ ಅದನ್ನು ಕುಂಡದ ಗಿಡಕ್ಕೆ ಹಾಕಿದ. "ಗಿಡದ್ದೇನೂ ತಪ್ಪಿರ್ಲಿಲ್ಲ ಬಿಡಿ" ಅಂದ. ಅಂಗಡಿ ಕೋಣೆಗೆ ಬೀಗ ಹಾಕದೆಯೇ ಬಂದಿದ್ದೆ. ಸೊಂಟದಿಂದ ಬೀಗದ ಕೈ ಬಿಚ್ಚಿ ಮೆಟ್ಟಿಲ ಮೇಲಿಟ್ಟೆ. ಸ್ಕೂಲಿನ ಅರ್ಜಿಗೆ ಸಹಿ ಹಾಕಿ ಅದರ ಪಕ್ಕದಲ್ಲೇ ಇಟ್ಟೆ. ಸಹಿ ಗರಗಸದ ಹಾಗೇ ಬಂತು.

"ಅಪ್ಪನ ಬಸ್ಸು ವಾಪಸ್ ಎಷ್ಟೊತ್ತಿಗೆ?" ಅಂದಳು ಗುಂಡಿ.

ಜೊತೆಗೆ ಬರುತ್ತಾಳೆ ಅಂದುಕೊಂಡೆ. "ಯಾಕೆ?"

"ನೀನು ಹೋಗ್ಬೇಕಲ್ಲ."

ಎದ್ದು ಚಪ್ಪಲಿ ಹಾಕಿಕೊಂಡೆ. ಗೇಟಿನ ತನಕ ಬಂದು ಹಿಂದಿನಿಂದ ಅಂದಳು: "ಶನಿವಾರ ಬರ್ತೀನಿ. ನಿನಗೋಸ್ಕರ ಅಲ್ಲ. ಆ ಟೀಚರ್ ಹತ್ರ ನನ್ನದೊಂದು ಇದೆ."

ಜುಲೈ 10, ಬುಧವಾರ

ಗಿರಾಕಿಗಳಿಗೆ ಹೇಳಲು ಶುರುಮಾಡಿದ್ದೇನೆ. ಕೈ ನಡುಗುತ್ತದೆ, ಕತ್ತರಿಸಲು ಎರಡರಷ್ಟು ಹೊತ್ತು ಬೇಕು, ಒಪ್ಪಿಗೆಯಾದರೆ ಕೊಡಿ. ಇಬ್ಬರು ಬಟ್ಟೆ ವಾಪಸ್ ಒಯ್ದರು. ಒಬ್ಬಳು ತನ್ನ ಅತ್ತೆಗೂ ಹೀಗೇ ಆಗುತ್ತದೆ ಅಂತ ಕೂತು ಸಂಜೆಯ ತನಕ ಮಾತಾಡಿದಳು. ಮೊಣಕೈ ಮೇಜಿಗೆ ಊರಿ, ಭಾರದ ಕತ್ತರಿ ಹಿಡಿದು, ತಿರುವಿನಲ್ಲಿ ನಿಂತು ನಿಂತು ಕತ್ತರಿಸುತ್ತೇನೆ. ಇವರು ಬಸ್ಸನ್ನು ತಿರುವಿನಲ್ಲಿ ಹಾಗೇ ತಿರುಗಿಸುವುದಂತೆ. ಇಷ್ಟು ವರ್ಷ ಹೇಳಲಿಲ್ಲ ನೋಡಿ ಅಂದೆ. ನೀನು ಕೇಳ್ಲಿಲ್ಲ ಅಂದರು.

ಜುಲೈ 13, ಶನಿವಾರ

ಗುಂಡಿ ಬೆಳಗಿನ ಬಸ್ಸಿಗೆ ಬಂದಳು. ಬೀಗದ ಕೈ ಅವಳ ಕುತ್ತಿಗೆಯ ದಾರದಲ್ಲಿ ತೂಗುತ್ತಿತ್ತು. ನಾನು ಅದರ ಬಗ್ಗೆ ಕೇಳಲಿಲ್ಲ, ಅರ್ಜಿಯ ಬಗ್ಗೆಯೂ ಕೇಳಲಿಲ್ಲ. ಕಾಜಾ ಬಾಗಿಲಲ್ಲೇ ನಿಂತು, "ಆವತ್ತು ನಕ್ಕಿದ್ದಕ್ಕೆ ಒಂದು ಗುದ್ದು ಬಾಕಿ ಇದೆ, ಕೊಟ್ಟುಬಿಡು" ಅಂತ ಹೆಗಲು ಮುಂದೆ ಮಾಡಿದ. ಅವಳು ಎರಡು ಕೊಟ್ಟಳು.

ಹಾಡಿನ ಟೀಚರ್ ಮನೆಗೆ ಇಬ್ಬರೂ ನಡೆದುಕೊಂಡು ಹೋದೆವು. ಅವಳು ನನಗಿಂತ ಸ್ವಲ್ಪ ಮುಂದೆ.

ಟೀಚರ್ ಕುರ್ಚಿ ಎಳೆದುಕೊಟ್ಟರು. ಗುಂಡಿ ಕೂರಲಿಲ್ಲ.

"ಟೀಚರ್, ಆವತ್ತು ನಿಮ್ಮ ಹತ್ರ ಸಾರಿ ಕೇಳಿದ್ನಲ್ಲ."

"ಹೌದು."

"ಅದನ್ನ ವಾಪಸ್ ಕೊಡಿ."

ನಾನು ನೆಲ ನೋಡಿದೆ. ಟೀಚರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಕೊಟ್ಟೆ ಕಣಮ್ಮ" ಅಂದರು. "ಪೂರ್ತಿ ವಾಪಸ್ಸು. ನಾನೂ ಅದನ್ನ ತಗೋಬಾರದಿತ್ತು."

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಏನೆಂದು ಹೇಳಬೇಕು ಅಂತ ದಾರಿಯುದ್ದಕ್ಕೂ ಹೊಲಿದುಕೊಂಡು ಬಂದಿದ್ದೆ. ಎಲ್ಲ ಬಿಚ್ಚಿಹೋಯಿತು. "ತಪ್ಪಾಯ್ತು ಗುಂಡಿ" ಅಂದೆ. "ಕತ್ತರಿಸಿದ್ದು ಕೈ. ನಿನ್ನ ಮೇಲೆ ಹಾಕಿದ್ದು ನಾನು." ದನಿಯೂ ನಡುಗಿತು. ಖಾಯಿಲೆ ಒಮ್ಮೊಮ್ಮೆ ದನಿಗೂ ಬರುತ್ತದೆ ಅಂದಿದ್ದರು ಡಾಕ್ಟರು. ಇದು ಖಾಯಿಲೆಯದಲ್ಲ.

ಗುಂಡಿ ತಲೆಯಾಡಿಸಿದಳು. ಆಯಿತು ಅಂತಲ್ಲ, ಕೇಳಿಸಿತು ಅಂತ.

ಟೀಚರ್ ಒಳಗಿನಿಂದ ತಟ್ಟೆಯ ಮೇಲಿಟ್ಟು ನೀರು ತಂದರು. ಅವರಿಗೇನು ಗೊತ್ತು, ಗಾಜಿನ ಲೋಟಕ್ಕೆ ಅಂಚಿನವರೆಗೂ ತುಂಬಿಬಿಟ್ಟಿದ್ದರು. ಅರ್ಧ ಚೆಲ್ಲಿ ಕೊಡೋಣ ಅಂತ ನಾನು ಕೈ ಮುಂದೆ ಮಾಡಿದೆ.

"ಬೇಡ, ಇರ್ಲಿ" ಅಂದಳು ಗುಂಡಿ.

ಎರಡೂ ಕೈಯಲ್ಲಿ ಎತ್ತಿದಳು. ನೀರು ಬೆರಳ ಮೇಲೆ, ಗಲ್ಲದ ಮೇಲೆ, ಅಂಗಿಯ ಎದೆಯ ಮೇಲೆ, ಟೀಚರ್ ಮನೆಯ ನೆಲದ ಮೇಲೆ ತುಳುಕಿತು. ಅವಳು ಅವಸರ ಮಾಡಲಿಲ್ಲ. ಕೊನೆಯ ಹನಿಯವರೆಗೂ ಕುಡಿದು, ಮುಂಗೈಯಿಂದ ಬಾಯಿ ಒರೆಸಿಕೊಂಡು, ಖಾಲಿ ಲೋಟ ಮುಂದೆ ಚಾಚಿದಳು.

"ಟೀಚರ್, ಇನ್ನೊಂದು ಲೋಟ ಕೊಡ್ತೀರಾ?"